ಹಿಂದಿನ ಬಲಗಾಲಿ

ಸಿದರಾಯನ ಮನೆಗೆ ಹೊಸದಾಗಿ ಬಂದವರು ಯಾರಾದರೂ "ಹೊಲಾ ಎಷ್ಟ ಐತ್ರಿ ನಿಮ್ದು?" ಎಂದು ಕೇಳಿದರೆ, ಆತ ಎಲೆ ಅಡಿಕೆಯ ಚೀಲ ಬದಿಗಿಟ್ಟು ಅಂಗಳದ ಕಡೆ ಕೈ ತೋರಿಸುತ್ತಿದ್ದ. "ಅಲ್ಲೈತಿ ನೋಡ್ರಿ. ಬಾಗಲಾಗ ನಿಂತೈತಿ."

ಅಲ್ಲಿ ಬೇವಿನ ಗಿಡದ ಕೆಳಗೆ, ಎಡಮಗ್ಗುಲನ್ನು ಗೋಡೆಗೆ ಒತ್ತಿಕೊಂಡು, ಬೂದಿ ಬಣ್ಣದ ಅಂಬಾಸಿಡರ್ ಕಾರು ನಿಂತಿರುತ್ತಿತ್ತು.

ಕೇಳಿದವರು ನಗುತ್ತಿದ್ದರು. ಸೊಸೆ ಅನುರಾಧಾ ಮಾತ್ರ, ಮದುವೆಯಾಗಿ ಬಂದ ಮೊದಲ ವರ್ಷವೊಂದು ಬಿಟ್ಟರೆ, ಮತ್ತೆಂದೂ ಆ ಮಾತಿಗೆ ನಕ್ಕವಳಲ್ಲ. ಬೀಳಗಿ ಕಡೆಯ ಹೊಳೆಸಾಲಿನ ಊರು, ಎರೆಹೊಲ, ಕುರಿಹಟ್ಟಿ ಎಲ್ಲವೂ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಈ ಕುಟುಂಬ ಜಮಖಂಡಿಗೆ ಬಂದಿತ್ತು. ಪರಿಹಾರದಲ್ಲಿ ಮುಧೋಳ ರಸ್ತೆಯ ಬದಿಗೆ ಮೂರು ಕೋಣೆಯ ಮನೆ ಎದ್ದಿತು, ಹಿರಿಮಗಳ ಮದುವೆಯಾಯಿತು, ಉಳಿದದ್ದರಲ್ಲಿ ಸಿದರಾಯ ಈ ಹಳೆಯ ಕಾರು ಕೊಂಡ. ಎತ್ತು ಚಕ್ಕಡಿ ಮಾರಿದ ಮನುಷ್ಯನಿಗೆ ಕಾರಿನ ಹುಚ್ಚು ಯಾಕೆ ಎಂದು ಬೀಗರೆಲ್ಲ ಆಡಿಕೊಂಡರು. ಆದರೆ ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ತಂತಮ್ಮ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ತುತ್ತುಗಳನ್ನು ಚರಗವೆಂದು ಚೆಲ್ಲಿ ಉಂಡು ಬರುವಾಗ, ಸಿದರಾಯ ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹಿನ್ನೀರಿನ ದಂಡೆಗೆ ಹೋಗುತ್ತಿದ್ದ. ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ನೀರಿನ ಅಂಚಿನಲ್ಲಿ ನಿಂತು ತನ್ನ ಹೊಲ ಇದ್ದ ದಿಕ್ಕಿಗೆ ಚರಗ ಚೆಲ್ಲುತ್ತಿದ್ದ. ಗಾಲಿಗೆ ಕೊಡುವ ಆ ಕಲ್ಲೂ ಮುಳುಗಿದ ಹೊಲದ ಬದುವಿನದೇ. ಊರು ಬಿಡುವ ದಿನ ಚಕ್ಕಡಿಯಲ್ಲಿ ಹಾಕಿಕೊಂಡು ಬಂದದ್ದು, ಈಗ ಕಾರಿನ ಡಿಕ್ಕಿಯಲ್ಲಿರುತ್ತಿತ್ತು.

ಎರಡು ಸಾವಿರದ ಎಂಟನೆಯ ಇಸವಿ, ದಸರೆ ಮುಗಿದ ಹೊಸತು. ಮಗ ಶಿವಪುತ್ರ ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಗಂಟುಗಳನ್ನು ಇದೇ ಕಾರಿನಲ್ಲಿ ಮುಧೋಳ, ಲೋಕಾಪುರದ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಅನುರಾಧಾ ಬಿ.ಎ. ಓದಿದವಳು. ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಆ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಅಂದು ಅವಳೂ ಗಂಡನ ಜೊತೆ ಮುಧೋಳಕ್ಕೆ ಹೊರಟಿದ್ದಳು. ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ತಟ್ಟನೆ ನಿಂತಿತು. ಶಿವಪುತ್ರ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಮೆಲ್ಲಗೆ ಎಡಕ್ಕೆ ಎಳೆಯುತ್ತ, ಕಬ್ಬಿನ ಗರಿಗಳನ್ನು ಕಿಟಕಿಗೆ ಸವರಿಸಿಕೊಂಡು, ಚರಂಡಿಯ ಅಂಚಿಗೆ ಬಂದು ನಿಂತಿತು.

ಶಿವಪುತ್ರ ಎಂಜಿನ್ ಆರಿಸಿ ಸೀಟಿಗೆ ಒರಗಿದ. ಅನುರಾಧಾ ನೀರಿನ ಬಾಟಲಿ ಬಿಚ್ಚಿ ಕೊಟ್ಟಳು. ಆತ ಅರ್ಧ ಕುಡಿದು, ಉಳಿದದ್ದನ್ನು ಅವಳ ಕಡೆ ಚಾಚಿ, "ನೀನೂ ಕುಡಿ. ನಿನ್ನ ಮಾರಿನೂ ಬಿಳಿಚೈತಿ" ಎಂದ.

ಅಂದು ಊಟಕ್ಕೆ ಕೂತಾಗ ಮಾತು ಎದ್ದಿತು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಿದರಾಯನ ಹೆಂಡತಿ ಮಾಯವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಅನುರಾಧಾ ಬಡಿಸುತ್ತಿದ್ದಳು.

"ಯಪ್ಪಾ, ಈ ಡಿಸೆಂಬರಕ್ಕ ಗಾಡಿಗೆ ಹದಿನೈದು ವರ್ಷ ತುಂಬತಾವ" ಎಂದ ಶಿವಪುತ್ರ. "ಮತ್ತ ಪಾಸಿಂಗ್ ಆಗಬೇಕು. ಸಾಹೇಬರು ನೋಡಿ ಛಲೋ ಐತಿ ಅಂದ್ರ ಐದ ವರ್ಷ ಬಿಡತಾರ. ಇಲ್ಲಂದ್ರ ರಸ್ತೇಕ ಇಳಸಾಂಗಿಲ್ಲ."

"ಅಂತಾರ ತಗೀ."

"ಹೆಂಗ ಅಂತಾರ? ಬೇಸಗ್ಯಾಗೆಲ್ಲ ಹಿಂದಿನ ಗಾಲಿ ಕಿರಗುಡತು. ಶ್ರಾವಣದಾಗ ಲೋಕಾಪುರ ಹಾದ್ಯಾಗ ಗಾಲಿ ಮ್ಯಾಲಿನ ತಟ್ಟಿ ಕಳಚಿ ಬಿತ್ತು. ಇವತ್ತ ಬ್ರೇಕಾ ಹೋತು. ಲೋಕಾಪುರದ ಗುಜರಿಯಂವ ಕೇಳಾಕತ್ತಾನ. ಪಾಸ್ ಆಗಲಿಲ್ಲಂದ್ರ ಕೊಟ್ಟಬಿಡ್ತೇನಿ. ಒಂದ ಮೂರ ಗಾಲಿ ಟಂಟಂ ತಗೊಂಡ್ರ ಗಂಟ ಒಯ್ಯಾಕೂ ಆತು."

ಸಿದರಾಯ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಹಿಂಡಿಗೆ ಒತ್ತಿ ಒತ್ತಿ ಪುಡಿ ಮಾಡಿದ. ಬಾಯಿಗೆ ಹಾಕಲಿಲ್ಲ.

"ಒಮ್ಮಿ ನೀರಿಗೆ ಕೊಟ್ಟೇವಿ ಹೊಲಾನ. ಇನ್ನೊಮ್ಮಿ ಗುಜರಿಗೆ ಕೊಡೂದೇನಲೇ?" ಎಂದು ಎದ್ದ.

"ಉಣ್ಣುಮುಂದ ಯಾಕ ತಗದ್ಯೋ ಆ ಮಾತ?" ಎಂದು ಮಾಯವ್ವ ಮಗನತ್ತ ಹಿಟ್ಟಿನ ಕೈ ಎತ್ತಿದಳು.

ಸಿದರಾಯ ಹೊರಗೆ ಹೋಗಿದ್ದು ಕಾರಿನ ಹತ್ತಿರಕ್ಕೆ. ಅನುರಾಧಾ ನೀರಿನ ಚೊಂಬು ಹಿಡಿದು ಹಿಂದೆ ಹೋದಳು. ಶಿವಪುತ್ರ ಊಟಕ್ಕೆ ಕೂರುವ ಮೊದಲಷ್ಟೇ ಕಾರನ್ನು ಮೆಲ್ಲಗೆ ಮನೆಗೆ ತಂದು ನಿಲ್ಲಿಸಿದ್ದ. ಸಿದರಾಯ ಬಗ್ಗಿ, ಗೋಡೆಯ ಸಂದಿಗೂ ಕೈ ತೂರಿಸಿ, ಒಂದೊಂದೇ ಗಾಲಿಯ ನಡುವಿಗೆ ಅಂಗೈ ಹಚ್ಚಿ ನೋಡುತ್ತಿದ್ದ. ಕುಂಟುವ ಕುರಿಯ ಕಾಲನ್ನು ಹಿಡಿದು ಕಾವು ನೋಡುವುದು ಹೀಗೆಯೇ ಎಂದು ಅವಳಿಗೆ ಅತ್ತೆ ಹಿಂದೊಮ್ಮೆ ಹೇಳಿದ್ದಳು.

"ಮೂರೂ ಬೆಚ್ಚಗದಾವ" ಎಂದ ಆತ. "ಹಿಂದಿನ ಬಲಗಾಲಿ ಒಂದ ತಣ್ಣಗೈತಿ. ಇದು ದುಡಿಯಾಕತ್ತಿಲ್ಲ ನೋಡವಾ."

ಬಾಗಿಲಲ್ಲಿ ನಿಂತ ಶಿವಪುತ್ರ ನಕ್ಕ. "ಯಪ್ಪಾ, ಅದು ಕುರಿ ಅಲ್ಲೋ."

"ಕುರಿ ಆಗಿದ್ರ ನಿನ್ನಂಥಾವನ್ನ ಹೊತ್ತ ತಿರಗತಿರಲಿಲ್ಲ ತಗೀ."

ಮರುದಿನ ಮೆಕ್ಯಾನಿಕ್ ತುಕಾರಾಮನನ್ನು ಕರೆಸಿದರು. ರನ್ನ ಬೆಳಗಲಿಯವನು. ಇವರ ಮನೆಯಿಂದ ಸ್ವಲ್ಪ ಮುಂದೆ ಅದೇ ರಸ್ತೆಯಲ್ಲಿ ಅವನ ಗ್ಯಾರೇಜು. ನಲವತ್ತು ದಾಟಿದ ಮಿತಭಾಷಿ. ಸಿದರಾಯ ಹೇಳಿದ್ದನ್ನು ಕೇಳಿ ಆತ ನಗಲಿಲ್ಲ. ಕಾರನ್ನು ಸುತ್ತು ಹೊಡೆಸಿ ತಂದು ತಾನೂ ಕೈ ಹಚ್ಚಿ ನೋಡಿದ. "ಅಜ್ಜಾರು ಖರೇನ ಹೇಳ್ಯಾರ" ಎಂದ.

ಆಮೇಲೆ ಎದುರಿನ ಬಯಲಿಗೆ ಕಾರನ್ನು ಒಯ್ದು, ಸ್ವಲ್ಪ ವೇಗ ಕೊಟ್ಟು, ಒಮ್ಮೆಲೇ ಬ್ರೇಕ್ ಒತ್ತಿದ. ಧೂಳು ಇಳಿದ ಮೇಲೆ ಅನುರಾಧಾ ಹತ್ತಿರ ಹೋಗಿ ಮಣ್ಣು ನೋಡಿದಳು.

"ತುಕಾರಾಮಣ್ಣ, ಎಡಗಡೆ ಗಾಲಿ ಗೀರಿದ ಗೆರಿ ಐತಿ. ಬಲಗಡೆ ಬರೇ ಉಳ್ಳಿದ ಗುರುತ ಐತಿ."

"ಬರೊಬ್ಬರಿ ನೋಡಿದ್ರಿ ಅಕ್ಕಾರ. ಪಾಸಿಂಗ್ ಸಾಹೇಬರು ನೋಡೂದೂ ಇದನ್ನ. ಎರಡ ಗೆರಿ ಬರಬೇಕು, ಎರಡೂ ಸಮ ಇರಬೇಕು."

ಬೇವಿನ ಕೆಳಗೆ ಜಾಕ್ ಹಚ್ಚಿ ಗಾಲಿ ಬಿಚ್ಚಿದ. ಒಳಗಿನ ಡ್ರಮ್ಮನ್ನು ತಟ್ಟಿ ತಟ್ಟಿ ತೆಗೆದ. ಬ್ರೇಕ್ ಒತ್ತಿದಾಗ ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಕಚ್ಚಿ ಹಿಡಿಯಬೇಕಾದ ಎರಡು ಪಟ್ಟಿಗಳು ಎಣ್ಣೆಯಲ್ಲಿ ನೆನೆದು ಮಿರಮಿರ ಮಿಂಚುತ್ತಿದ್ದವು.

"ಹಿಂಗ ಜಿಡ್ಡ ಆದ್ರ ಎಲ್ಲಿ ಹಿಡೀತಾವ್ರಿ" ಎಂದ ತುಕಾರಾಮ. "ಬ್ರೇಕ್ ಎಣ್ಣಿ ಸಿಲಿಂಡರಿನ್ಯಾಗಿಂದ ಸೋರಿರಬೇಕು. ರಬ್ಬರ ಬದಲಿ ಮಾಡಿ ಹೊಸ ಪಟ್ಟಿ ಹಾಕತೇನಿ."

ಮಾಯವ್ವ ಮಜ್ಜಿಗೆ ತಂದಳು. ತಂಬಿಗೆ ತೆಗೆದುಕೊಳ್ಳಲು ಚಾಚಿದ ಅವನ ಕೈ ನೋಡಿ ನಿಂತುಬಿಟ್ಟಳು. ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಅಂಗೈಯೆಲ್ಲ ಒಡೆದಿತ್ತು.

"ಏನ ಕೈಯೋ ತಮ್ಮಾ ಇವು! ಎಣ್ಣಿ ಹಚ್ಚೂದಿಲ್ಲೇನ?"

"ದಿನಾ ಎಣ್ಣ್ಯಾಗ ಇರತೇನ್ರಿ ಆಯೀ."

"ಅದು ಗಾಡಿ ಎಣ್ಣಿ. ಕೈ ಎಣ್ಣಿ ಬ್ಯಾರೇನ ಇರತೈತಿ" ಎಂದು ಮಾಯವ್ವ ಇನ್ನೊಂದು ತಂಬಿಗೆ ಮಜ್ಜಿಗೆ ತಂದಳು.

ಕಾರು ಸರಿಯಾಯಿತು. ಬಯಲಿನಲ್ಲಿ ಎರಡು ಗೆರೆ ಬಿದ್ದವು. ಸಿದರಾಯ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ದೀಪಾವಳಿ ಬಂತು. ಅಮಾವಾಸ್ಯೆಯ ಬೆಳಗ್ಗೆ ಮಾಯವ್ವ ಎಂದಿನಂತೆ ಕಾರಿನ ಪೂಜೆಗೆ ಇಳಿದಳು. ಇದು ಅವಳ ಹಳೆಯ ರೂಢಿ. ಚಕ್ಕಡಿ ಇದ್ದಾಗ ಪ್ರತಿ ಅಮಾವಾಸ್ಯೆಗೆ ಅದನ್ನು ತೊಳೆದು, ಗಾಲಿಯ ಕೀಲಿಗೆ ಎಣ್ಣೆ ಬಿಟ್ಟು, ಬೀರೇಶ್ವರನ ಅರಿಸಿನದ ಭಂಡಾರ ಹಚ್ಚುತ್ತಿದ್ದಳು. ಚಕ್ಕಡಿ ಹೋದರೂ ಅಮಾವಾಸ್ಯೆ ತಪ್ಪಲಿಲ್ಲ. ಕುರಿಮರಿಗೆ ಔಷಧ ಕುಡಿಸುತ್ತಿದ್ದ ಸಣ್ಣ ಬಿದಿರಿನ ಗೊಟ್ಟ, ಭಂಡಾರದ ಚೀಲ, ಊದಿನಕಡ್ಡಿ, ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳೆಂದರೆ ಮನೆಯವರು ದಾರಿ ಬಿಡುತ್ತಿದ್ದರು. ಅನುರಾಧಾ ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಅತ್ತೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ಉಳಿದ ಎಣ್ಣೆಯ ಜಿಡ್ಡನ್ನು ಮೊಮ್ಮಗಳು ಯಂಕಿಯ ನೆತ್ತಿಗೆ ಸವರಿ ಹೇಳಿದಳು:

"ಈಗೀಗ ಗಾಡಿ ಅಳೂದು ನಿಂತೈತಿ ನೋಡ ಅನೂ. ಬೇಸಗ್ಯಾಗ ಎಷ್ಟ ಅಳತಿತ್ತು! ಒಂದ ಗಾಲಿಯಾರ ನನ್ನ ಕೈಗೆ ಸಿಕ್ಕೈತಿ. ಗ್ವಾಡಿ ಕಡೇದಕ್ಕ ನನಗ ಬಗ್ಗಾಕ ಆಗೂದಿಲ್ಲ."

"ಹೌದ್ರಿ ಅತ್ತೀ" ಎಂದಳು ಅನುರಾಧಾ. ಹೂರಣ ತಳ ಹತ್ತುತ್ತಿತ್ತು. ಆ ಮಾತು ಅವಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ಹಬ್ಬ ಮುಗಿದು ವಾರವಾಗಿರಲಿಲ್ಲ, ಕಾರು ಮತ್ತೆ ಎಡಕ್ಕೆ ಎಳೆಯಿತು. ತುಕಾರಾಮ ಬಂದ. ಡ್ರಮ್ಮು ಬಿಚ್ಚಿದರೆ ಮತ್ತೆ ಜಿಡ್ಡು. ಆತ ತಲೆ ಕೆರೆದುಕೊಂಡ.

"ಸಿಲಿಂಡರ ಒಣಾ ಒಣಾ ಐತ್ರಿ. ಹಂಗಾರ ಇದು ಅಚ್ಚಿನ ಎಣ್ಣಿ ಇರಬೇಕು. ಅಚ್ಚಿನ ತುದ್ಯಾಗ ಎಣ್ಣಿ ತಡಿಯೂ ಸೀಲ್ ಹೋಗಿರಬೇಕು."

"ಆವಾಗ ಸಿಲಿಂಡರ ಅಂದಿ, ಈಗ ಸೀಲ್ ಅಂತಿ" ಎಂದ ಶಿವಪುತ್ರ. "ಮುಂದಿನ ಸಲ ಏನಂತಿ? ಸ್ಟೇರಿಂಗ್ ಅಂತೀಯೇನ?"

ತುಕಾರಾಮ ಸೀಲ್ ಬದಲಿಸಿದ, ಪಟ್ಟಿ ಬದಲಿಸಿದ. ಮಾಯವ್ವ ಮಾತ್ರ, "ಅಂವ ಏನ ಬೇಕಂತ ಮಾಡ್ಯಾನೇನೋ? ವೈದ್ಯರೂ ಒಮ್ಮೊಮ್ಮಿ ಎರಡ ಸಲ ನಾಡಿ ಹಿಡಿತಾರ" ಎಂದು ಮಗನ ಬಾಯಿ ಮುಚ್ಚಿಸಿ, ತುಕಾರಾಮನಿಗೆ ಹಬ್ಬದ ಕರದಂಟು ಕಟ್ಟಿಕೊಟ್ಟಳು.

ಕಾರ್ತಿಕ ಕಳೆಯಿತು. ಮನೆಯಲ್ಲಿ ಕಾರಿನ ಮಾತೇ ಮಾತಾಯಿತು. ಸಿದರಾಯ ದಿನಾ ಬೆಳಗ್ಗೆ ಹಳೆಯ ಧೋತರದ ತುಂಡಿನಿಂದ ಗಾಜು ಒರೆಸುತ್ತಿದ್ದ. ಶಿವಪುತ್ರ ಗುಜರಿಯವನ ಫೋನು ಬಂದರೆ ಅಂಗಳ ದಾಟಿ ಹೋಗಿ ಮಾತಾಡುತ್ತಿದ್ದ. ಅಪ್ಪನೆದುರು ಆಡಲು ಅವನಿಗೂ ಮನಸ್ಸಿರಲಿಲ್ಲ ಎಂಬುದು ಅನುರಾಧಾಗೆ ಗೊತ್ತಿತ್ತು. ಜಗಳ ಮಾಡುವಾಗ ಎಷ್ಟು ಜೋರೋ, ಅಪ್ಪನ ತಾಟಿಗೆ ಬೆಣ್ಣೆ ಬಿದ್ದಿದೆಯೇ ಎಂದು ನೋಡುವುದರಲ್ಲಿಯೂ ಅಷ್ಟೇ ಚುರುಕು ಅವನು.

ಛಟ್ಟಿ ಅಮಾವಾಸ್ಯೆ ಮುಗಿಯಿತು. ಪಾಸಿಂಗಿಗೆ ಸೋಮವಾರದ ದಿನ ಸಿಕ್ಕಿತು. ಆ ಮೊದಲಿನ ಶುಕ್ರವಾರ ಶಿವಪುತ್ರ ಬನಹಟ್ಟಿಯಿಂದ ಬಂದವನೇ ಕಾರಿನ ಬಾಗಿಲನ್ನು ಧಡ್ಡನೆ ಹಾಕಿದ.

"ಮತ್ತ ಎಳಿಯಾಕತ್ತೈತಿ! ಕಳ್ಳ ಅದಾನ ಆ ತುಕಾರಾಮ. ಒಂದೊಂದ ಸಲಾ ಒಂದೊಂದ ಸಾಮಾನ ಹಾಕಿ ನಮ್ಮನ್ನ ಕುರಿ ಮಾಡ್ಯಾನ."

ಮಾತು ಮುಗಿಯುವ ಹೊತ್ತಿಗೆ ತುಕಾರಾಮ ಗೇಟಿನಲ್ಲೇ ನಿಂತಿದ್ದ. ಪಾಸಿಂಗಿಗೆ ಮೊದಲು ಒಮ್ಮೆ ನೋಡಿಹೋಗೋಣವೆಂದು ತಾನೇ ಬಂದಿದ್ದ. ಶಿವಪುತ್ರ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಕೇಳಿದ್ರ ಕೇಳ್ಲಿ" ಎಂದು ಒಳಗೆ ಹೋದ.

"ಶಿವ್ಯಾ!" ಎಂದು ಮಾಯವ್ವ ಕೂಗಿದಳು. "ಮನೀ ಮಟಾ ಬಂದ ಮನಶ್ಯಾಗ ಹಿಂಗ ಅಂತಾರೇನ? ಇದನ್ನೇನ ಕಲಿಸೇನಿ ನಾ ನಿನಗ?"

ಸಿದರಾಯ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತ, ಬಸ್ಸಿಗೆ ಕಾದವರ ಹಾಗೆ.

"ಅಜ್ಜಾರ, ಸ್ವಲ್ಪ ಇಳೀರಿ, ಜಾಕ್ ಹಚ್ಚಬೇಕು" ಎಂದ ತುಕಾರಾಮ, ಏನೂ ಆಗಿಲ್ಲವೆಂಬಂತೆ. ಅವನ ದನಿ ಎಷ್ಟು ಮೆತ್ತಗಿತ್ತೆಂದರೆ ಅನುರಾಧಾಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಲೂ ಆಗಲಿಲ್ಲ. ಅವನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು.

ಡ್ರಮ್ಮು ಬಂತು. ಒಳಗೆ ಅದೇ ಜಿಡ್ಡು. ತುಕಾರಾಮ ಈ ಸಲ ಒರೆಸಲಿಲ್ಲ. ಒಂದು ಬಟ್ಟಲಲ್ಲಿ ನೀರು ಕೇಳಿದ. ಜಿಡ್ಡಿನ ಒಂದು ಹನಿಯನ್ನು ಬೆರಳಿನಿಂದ ಅದಕ್ಕೆ ಬಿಟ್ಟ.

"ಬ್ರೇಕ್ ಎಣ್ಣಿ ಆಗಿದ್ರ ನೀರಾಗ ಕರಗತಿತ್ರಿ. ಇದು ತೇಲತೈತಿ. ಅಚ್ಚಿನ ಎಣ್ಣಿ ಆಗಿದ್ರ ಕರ್ರಗ ಇದ್ದು ಗಬ್ಬ ನಾರತಿತ್ತು. ಇದು ತಿಳಿ ಐತಿ." ಆತ ಬೆರಳು ತಿಕ್ಕಿ ನೋಡಿದ. "ಇದು ಗಾಡ್ಯಾಗಿಂದ ಬಂದ ಎಣ್ಣಿನ ಅಲ್ರಿ ಅಕ್ಕಾರ. ಹೊರಗಿಂದ ಒಳಗ ಹೋಗೈತಿ."

"ಎಲ್ಲಿ, ನೋಡೂಣು" ಎಂದು ಅನುರಾಧಾ ಬೆರಳಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ಹಿಡಿದಳು.

ಅವಳಿಗೆ ಕಾರು ಮರೆತುಹೋಯಿತು. ಯಂಕಿ ಹುಟ್ಟಿದ ತಿಂಗಳು ನೆನಪಾಯಿತು. ತವರಿನಲ್ಲಿ ತಾಯಿ ಇರಲಿಲ್ಲವೆಂದು ಬಾಣಂತನಕ್ಕೆ ಕಳಿಸದೆ ಅತ್ತೆಯೇ ಇಟ್ಟುಕೊಂಡಿದ್ದಳು. ದಿನಾ ಬೆಳಗ್ಗೆ ಬೆಚ್ಚಗೆ ಮಾಡಿದ ಎಣ್ಣೆಯನ್ನು ಬೆನ್ನಿಗೆ, ಸೊಂಟಕ್ಕೆ, ಅಂಗಾಲಿಗೆ ತಿಕ್ಕಿ ತಿಕ್ಕಿ, "ನೋವ ಹೋತೇನ ತಂಗೀ?" ಎಂದು ಕೇಳುತ್ತಿದ್ದಳು. ಅದೇ ವಾಸನೆ. ಅತ್ತೆ ಮನೆಯಲ್ಲೇ ಹರಳು ಕುದಿಸಿ ತೆಗೆಯುವ ಔಡಲೆಣ್ಣೆ.

ಅವಳ ಕಣ್ಣು ಡ್ರಮ್ಮಿನ ಮುಖದ ಮೇಲೆ ಹೋಯಿತು. ಪಟ್ಟಿಗಳ ಬಿಗಿ ಹೊಂದಿಸಲೆಂದು ಅಲ್ಲೊಂದು ತೂತು. ಮೊದಲು ಗಾಲಿಯ ತಟ್ಟೆ ಅದನ್ನು ಮುಚ್ಚಿರುತ್ತಿತ್ತು. ತಟ್ಟೆ ಬಿದ್ದುಹೋದ ಮೇಲೆ ತೂತು ಎದ್ದು ಕಾಣುತ್ತಿತ್ತು. ಗೊಟ್ಟದ ಮೂತಿ ಸರಿಯಾಗಿ ಹಿಡಿಸುವಷ್ಟಿತ್ತು. ಅದರ ಸುತ್ತ ಅರಿಸಿನ ಭಂಡಾರದ ಉಂಗುರ.

ಗಾಡಿ ಅಳುವುದು ನಿಂತಿದೆ ಎಂದಿದ್ದಳು ಅತ್ತೆ. ನಿಲ್ಲದೆ ಏನು? ಹಿಡಿಯುವುದನ್ನೇ ಬಿಟ್ಟ ಬ್ರೇಕು ಎಲ್ಲಿಂದ ಕಿರಗುಡಬೇಕು!

ಅವಳು ತಲೆ ಎತ್ತಿದಾಗ ತುಕಾರಾಮನೂ ಆ ಹಳದಿ ಉಂಗುರವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಮಾಯವ್ವ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. "ಸಿಟ್ಟ ಮಾಡಬ್ಯಾಡೋ ತಮ್ಮಾ. ಅವನ ಬಾಯಿ ಅಷ್ಟ ಕೆಟ್ಟದ್ದು, ಮನಸ ಅಲ್ಲ" ಎಂದು ಅವನ ಹತ್ತಿರ ಬಗ್ಗಿ ನಿಂತಳು. ತುಕಾರಾಮ ಮೆಲ್ಲಗೆ ಅಂಗೈಯಿಂದ ಆ ಭಂಡಾರವನ್ನು ಒರೆಸಿಬಿಟ್ಟ.

ಒಳಗಿನಿಂದ ಶಿವಪುತ್ರ ಬಂದ. "ಏನಾಗೈತಂತ ಈಗ?"

ಅನುರಾಧಾ ಬಾಯಿ ತೆರೆದಳು. ಹೇಳಿದರೆ ಅತ್ತೆಗೆ ಮಗನೆದುರು ತಲೆ ತಗ್ಗಬೇಕು. ಹೇಳದಿದ್ದರೆ ಈ ಮನುಷ್ಯ ಕಳ್ಳನಾಗಿ ಉಳಿಯಬೇಕು. ಅವಳು ಯಾವುದನ್ನು ಆರಿಸುತ್ತಿದ್ದಳೋ, ಅದಕ್ಕೆ ಮೊದಲು ತುಕಾರಾಮನೇ ಹೇಳಿಬಿಟ್ಟ:

"ತಪ್ಪ ನಂದ ರೀ. ಸೀಲ್ ಕೂಡಸೂದರಾಗ ಹೆಚ್ಚುಕಡಿಮಿ ಆಗಿತ್ತು. ಈಗ ತಿಳೀತು. ಇನ್ನ ಆಗಾಂಗಿಲ್ಲ. ಇದಕ್ಕ ನೀವೇನೂ ಕೊಡೂದ ಬ್ಯಾಡ."

"ಈಗಾರ ಒಪ್ಪಿದ್ಯಲ್ಲ" ಎಂದ ಶಿವಪುತ್ರ.

ತುಕಾರಾಮ ಹೊಸ ಪಟ್ಟಿ ಹಾಕಿದ. ಡ್ರಮ್ಮನ್ನು ಒಣ ಬಟ್ಟೆಯಿಂದ ಕನ್ನಡಿಯ ಹಾಗೆ ಒರೆಸಿದ. ತೂತಿಗೆ ರಬ್ಬರಿನ ಬೂಚು ಬಡಿದು, ಗ್ಯಾರೇಜಿನಿಂದ ಬೇರೆ ಹಳೆಯ ಗಾಡಿಯ ತಟ್ಟೆಯೊಂದನ್ನು ತಂದು ಮುಚ್ಚಿದ. ಮಾಯವ್ವ ಖಾಲಿ ತಂಬಿಗೆ ಹಿಡಿದುಕೊಂಡು ಎಲ್ಲ ಮುಗಿಯುವವರೆಗೆ ಅಲ್ಲೇ ನಿಂತಿದ್ದಳು. ಅಂದಿನ ಊಟದಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೊಂದೇ ರೊಟ್ಟಿ ಉಂಡರು.

ಸೋಮವಾರ ಪಾಸಿಂಗಿನ ಬಯಲಿಗೆ ಗಂಡನ ಜೊತೆ ಮಾವನೂ ಅನುರಾಧಾಳೂ ಹೋದರು. ದಪ್ಪ ಕನ್ನಡಕದ ಇನ್ಸ್‌ಪೆಕ್ಟರ್ ಸಾಹೇಬರು ದೀಪ ನೋಡಿದರು, ಹಾರ್ನ್ ನೋಡಿದರು. "ಹೊಡೀರಿ, ಬ್ರೇಕ್ ಒತ್ತರಿ" ಎಂದರು. ಮಣ್ಣಿನಲ್ಲಿ ಎರಡು ಗೆರೆ ಬಿದ್ದವು, ಜೋಡೆತ್ತು ನಡೆದ ಹಾಗೆ ಸಮಸಮ. ಆಮೇಲೆ ಗೇಟಿನ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಲು ಹೇಳಿದರು. ಕಾರು ನಿಂತಿತೋ ಇಲ್ಲವೋ, ಸಿದರಾಯ ಡಿಕ್ಕಿಯಿಂದ ಕಲ್ಲೆತ್ತಿಕೊಂಡು ಗಾಲಿಯ ಕಡೆ ಓಡಿದ.

"ಅಜ್ಜಾ, ಏನದು?"

"ಕಲ್ಲ ರೀ ಸಾಹೇಬ್ರ. ಜಾರಿದ್ರ..."

"ಜಾರತೈತೇನು ಅಂತ ನೋಡಾಕ ನಿಲ್ಲಿಸೇನಿ. ನೀವು ಕಲ್ಲ ಕೊಟ್ರ ನಾ ಕಲ್ಲಿಗೆ ಪಾಸಿಂಗ್ ಮಾಡಬೇಕಾಗತೈತಿ. ಎತ್ತಿಕೊಳ್ರಿ."

ಸಿದರಾಯ ಕಲ್ಲನ್ನು ಮೊಮ್ಮಗುವಿನ ಹಾಗೆ ಎದೆಗವುಚಿಕೊಂಡು ನಿಂತ. ಕಾರು ಅಲುಗಲಿಲ್ಲ. ಸಾಹೇಬರು ಸಹಿ ಹಾಕಿದರು. ಹೊರಡುವಾಗ, "ಇಷ್ಟ ಹಳೇ ಗಾಡಿ ಇಷ್ಟ ಛಲೋ ಇಟ್ಟೀರಿ" ಎಂದರು. ಆ ಒಂದು ಮಾತಿಗೆ ಸಿದರಾಯ ದಾರಿಯುದ್ದಕ್ಕೂ ಮಾತಾಡಿ, ಕಡೆಗೆ ದಣಿದು ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದ.

ಆಗ ಅನುರಾಧಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಔಡಲೆಣ್ಣೆ, ತೂತು, ಭಂಡಾರ, ಒರೆಸಿದ ಕೈ. ಶಿವಪುತ್ರ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಮೊದಲು ಜೋರಾಗಿ ನಕ್ಕ. ನಗು ಅರ್ಧದಲ್ಲಿ ನಿಂತಿತು.

"ಕಳ್ಳ ಅಂದೆ ನಾ ಅವಗ. ಅಂವ ಅನಿಸಿಕೊಂಡ."

"ಅವ್ವಗ ಮಾತ್ರ ಹೇಳಬ್ಯಾಡ್ರಿ. ಭಾಳ ಮನಸಿಗೆ ಹಚ್ಚಿಕೊಳ್ತಾರ."

"ನಾ ಯಾಕ ಹೇಳಲಿ? ಯಪ್ಪಗ ಗೊತ್ತಾಗಬಾರದ ನೋಡು ಮೊದಲ."

ಹಿಂದಿನಿಂದ ಮುಚ್ಚಿದ ಕಣ್ಣಿನ ಸಿದರಾಯ, "ನನಗ ನಿದ್ದಿ ಹತ್ತೈತಿ, ಹೊಡೀರಿ ಗಾಡಿ" ಎಂದ.

ಶಿವಪುತ್ರ ಮನೆಗೆ ಹೋಗಲಿಲ್ಲ, ನೇರ ಗ್ಯಾರೇಜಿಗೆ ಹೋದ. ಅಲ್ಲಿ ಇಳಿದು ಟೈರಿನ ರಾಶಿಯ ಮೇಲೆ ಕೂತ. ನಟ್ಟು ಬಿಚ್ಚುವ ಪಾನಾ ಒಂದನ್ನು ಎತ್ತಿ ನೋಡಿದ, ಕೆಳಗಿಟ್ಟ. "ಪಾಸ್ ಆತು" ಎಂದ. "ಛಲೋ ಆತ್ರಿ" ಎಂದ ತುಕಾರಾಮ. ಶಿವಪುತ್ರ ಪಾನಾವನ್ನು ಮತ್ತೆ ಎತ್ತಿಕೊಂಡು ಹೇಳಿದ: "ನಾ ಅಂದದ್ದ ತಪ್ಪ ಆತು. ಎಳ್ಳ ಅಮಾಸಿಗೆ ನಮ್ಮ ಜೋಡಿ ಹಿನ್ನೀರಿಗೆ ಬಾ. ಚರಗಾ ಚೆಲ್ಲಿ ಉಂಡ ಬರೂಣು."

"ಆಯಿ ನಿನ್ನೇನ ಬಂದ ಹೇಳಿ ಹೋಗ್ಯಾರ್ರಿ" ಎಂದ ತುಕಾರಾಮ.

ಅತ್ತೆ ಮೊದಲೇ ಯಾಕೆ ಕರೆದಳು ಎಂದು ಅನುರಾಧಾಗೆ ಆಗ ಹೊಳೆಯಲಿಲ್ಲ.

ಅಮಾವಾಸ್ಯೆಯ ದಿನ ಕಾರು ತುಂಬಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಕಡಬು, ಮೊಸರು. ತುಕಾರಾಮ ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಯಂಕಿ ಅವನ ತೊಡೆಯ ಮೇಲೆ. ಹಿನ್ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲೋ ನಡುವೆ ಅರ್ಧ ಮುಳುಗಿದ ಬೋಳು ಜಾಲಿಯೊಂದು ಕಾಣುತ್ತಿತ್ತು. ಅದರ ಆಚೆಗೇ ತಮ್ಮ ಹೊಲದ ಬದು ಎಂದು ಸಿದರಾಯ ಪ್ರತಿ ವರ್ಷ ಹೇಳುವವನು, ಈ ವರ್ಷವೂ ಹೇಳಿದ.

ಶಿವಪುತ್ರ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಸಿದರಾಯ ರೂಢಿಯಂತೆ ಕಲ್ಲು ತಂದ. ಗಾಲಿಯ ಹತ್ತಿರ ಬಗ್ಗಿದವನು, ತುಕಾರಾಮನನ್ನು ನೋಡಿ, ಹಾಗೆಯೇ ನೆಟ್ಟಗಾದ. ನೀರಿನ ಅಂಚಿನಲ್ಲಿ ಪಾಂಡವರೆಂದು ಪೂಜಿಸುವುದಕ್ಕೆ ಅನುರಾಧಾ ಐದು ಕಲ್ಲು ಹುಡುಕುತ್ತಿದ್ದಳು. ನಾಲ್ಕು ಸಿಕ್ಕಿದ್ದವು.

"ಇದನ್ನಿಡವಾ" ಎಂದು ಸಿದರಾಯ ತನ್ನ ಕಲ್ಲನ್ನು ಕೊಟ್ಟ. "ಇಷ್ಟ ವರ್ಷ ಗಾಲಿ ಬುಡಕ ಬಿದ್ದಿತ್ತು. ಅದೂ ನಮ್ಮ ಹೊಲದ್ದ ಐತಿ."

ಐದಕ್ಕೂ ಸುಣ್ಣ ಹಚ್ಚಿ, ಭಂಡಾರ ಏರಿಸಿ, ಎಡೆ ಹಿಡಿದು, ಸಿದರಾಯ ನೀರಿಗೆ ಚರಗ ಚೆಲ್ಲಿದ. ನಂತರ ಎಲ್ಲರೂ ಉಣ್ಣಲು ಕೂತರು. ಮಾಯವ್ವ ಮೊದಲ ರೊಟ್ಟಿಯನ್ನು ಗಂಡನಿಗೂ ಹಾಕಲಿಲ್ಲ, ಮಗನಿಗೂ ಹಾಕಲಿಲ್ಲ. ತುಕಾರಾಮನ ತಾಟಿಗೆ ಹಾಕಿದಳು.

"ಆಯೀ, ಅಜ್ಜಾರಿಗೆ ಮೊದಲ..."

"ಸುಮ್ನಿರು. ಶಿವ್ಯಾ, ಇಲ್ಲಿ ನೋಡು. ಇವಗ ಕಳ್ಳ ಅಂದಿದ್ಯಲ್ಲ, ಆ ಗಾಲಿಗೆ ಎಣ್ಣಿ ಹಾಕಿದಾಕಿ ನಾನು."

ಅನುರಾಧಾ ಗಂಡನ ಮುಖ ನೋಡಿದಳು, ಗಂಡ ತಂದೆಯ ಮುಖ ನೋಡಿದ, ತಂದೆ ಕಡಬನ್ನು ಬಹಳ ಶ್ರದ್ಧೆಯಿಂದ ಮುರಿಯತೊಡಗಿದ.

"ಅತ್ತೀ, ನಿಮಗ ಹೆಂಗ..."

"ಔಡಲೆಣ್ಣಿ ಕುದಿಸಿ ಕುದಿಸಿ ಮುಪ್ಪ ಆದಾಕಿ ನಾ. ಮಜ್ಜಿಗಿ ತಂದ ಬಗ್ಗಿದ ಕೂಡ್ಲೇ ಗೊತ್ತಾತು. ಅಷ್ಟರಾಗ ಇಂವ ಭಂಡಾರಾ ಒರಸಿ, ತಪ್ಪ ನಂದ ಅಂದಬಿಟ್ಟ. ಅಷ್ಟ ಪ್ರೀತಿಲೆ ಹೊತ್ತಕೊಂಡದ್ದನ್ನ ಅಲ್ಲೇ ಹೆಂಗ ಕಸಗೊಳ್ಳಲಿ? ಪಾಸಿಂಗ್ ಆಗ್ಲಿ, ಇವನ್ನ ಪಂಕ್ತ್ಯಾಗ ಕುಂದರಸಿ ಎಲ್ಲಾರ ಮುಂದ ಹೇಳೂಣು ಅಂತ ತಡದೇನಿ." ಅವಳು ಸುತ್ತ ನೋಡಿದಳು. "ಯಾಕ, ಯಾರಿಗೂ ಆಶ್ಚರ್ಯನ ಆಗವಲ್ದು? ಎಲ್ಲಾರಿಗೂ ಗೊತ್ತಿತ್ತೇನ?"

"ನನಗ ನಿದ್ದಿ ಹತ್ತಿತ್ತು" ಎಂದ ಸಿದರಾಯ.

ಶಿವಪುತ್ರನಿಗೆ ನಗು ತಡೆಯಲಾಗಲಿಲ್ಲ. ಮೊದಲು ಅವನು, ಆಮೇಲೆ ತುಕಾರಾಮ, ಕಡೆಗೆ ಮಾಯವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಯಾಕೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಯಂಕಿ.

ಊಟವಾಗಿ ಕೈ ತೊಳೆದ ಮೇಲೆ ಮಾಯವ್ವ ಬುಟ್ಟಿಯಿಂದ ಗೊಟ್ಟ ತೆಗೆದಳು. ಅಮಾವಾಸ್ಯೆಯ ಎಣ್ಣೆ. ಅನುರಾಧಾಳ ಕಣ್ಣು ತಾನಾಗಿ ಕಾರಿನ ಕಡೆ ಹೋಯಿತು. ಮಾಯವ್ವ ಕಾರಿನ ಕಡೆ ನೋಡಲೂ ಇಲ್ಲ. ತುಕಾರಾಮನ ಎದುರು ಕೂತಳು.

"ತಾ ಇಲ್ಲೆ ಕೈ."

"ಬ್ಯಾಡ್ರಿ ಆಯೀ, ನಿಮ್ಮ ಕೈ ಹೊಲಸ ಆಗತಾವ."

"ಮೂರ ಅಮಾಸಿ ಬ್ಯಾರೆ ಕಡೆ ಸುರವೇನಿ. ಇವತ್ತರ ಎಲ್ಲಿ ಬೇಕೋ ಅಲ್ಲಿ ಹಾಕತೇನಿ. ತಾ ಅಂದ್ನಿ."

ತುಕಾರಾಮ ಎರಡೂ ಅಂಗೈ ಚಾಚಿದ. ಮಾಯವ್ವ ಗೊಟ್ಟದಿಂದ ಎಣ್ಣೆ ಬಿಟ್ಟು, ಒಂದೊಂದೇ ಬಿರುಕನ್ನು ಹುಡುಕಿ ಹುಡುಕಿ ಹೆಬ್ಬೆರಳಿನಿಂದ ತಿಕ್ಕತೊಡಗಿದಳು. "ನೋವ ಆಗತೈತೇನ ತಮ್ಮಾ?" ಎಂದು ಕೇಳಿದಳು. ಆತ ತಲೆಯಾಡಿಸಿ, ಮುಖವನ್ನು ನೀರಿನ ಕಡೆ ತಿರುಗಿಸಿಕೊಂಡ.

ಮೇಲೆ ಇಳಿಜಾರಿನಲ್ಲಿ ಹಳೆಯ ಕಾರು, ಗಾಲಿಗೆ ಕಲ್ಲಿಲ್ಲದೆ, ಅಲುಗದೆ ನಿಂತಿತ್ತು.